ಬಿಚ್ಚಿ ಕಟ್ಟಿದ ಕಬ್ ಕೆಡೆಟ್

ಅಮೆರಿಕದ ಇಲಿನಾಯ್ ರಾಜ್ಯದ ಹಳ್ಳಿಗಾಡಿನಲ್ಲಿ ಯಾವುದಾದರೂ ಹಳೆಯ ತೋಟದ ಮನೆಯ ಸಾಮಾನು ಹರಾಜಿಗೆ ಬಂದರೆ, ಕೊಟ್ಟಿಗೆಯ ಮೂಲೆಯಿಂದ ಒಂದಾದರೂ ಗಾರ್ಡನ್ ಟ್ರ್ಯಾಕ್ಟರ್ ಹೊರಗೆ ಬರುತ್ತದೆ. ಟೈರಿನಲ್ಲಿ ಗಾಳಿ ಇರುವುದಿಲ್ಲ, ಸೀಟಿನ ಸ್ಪಂಜು ಇಲಿಗಳ ಪಾಲಾಗಿರುತ್ತದೆ. ನನ್ನ ಪಾಲಿಗೆ ಬಂದದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್ 122. 1965ರಿಂದ 1967ರವರೆಗೆ ತಯಾರಾದ ಮಾದರಿ. 12 ಅಶ್ವಶಕ್ತಿಯ ಎಂಜಿನ್, ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಜೊತೆಗೆ ಹುಲ್ಲು ಕತ್ತರಿಸುವ ಡೆಕ್ಕು ಮತ್ತು ತುಕ್ಕು ತಿಂದ ಒಂದು ನೇಗಿಲು. ಹರಾಜು ಕೂಗುವವನು “ಎಂಜಿನ್ ತಿರುಗುತ್ತದೆ” ಎಂದಷ್ಟೇ ಹೇಳಿದ. ಎಂಜಿನ್ ಜಾಮ್ ಆಗಿಲ್ಲ, ಉಳಿದದ್ದು ನಿಮ್ಮ ಹಣೆಬರಹ ಎಂದು ಅದರ ಅರ್ಥ.

ಹಾವೇರಿ ಕಡೆಯ ನನ್ನ ಗೆಳೆಯರು ಫೋಟೋ ನೋಡಿ “ಹುಲ್ಲು ಕತ್ತರಿಸುವ ಗಾಡಿಗೆ ಇಷ್ಟು ಸಂಭ್ರಮವೇ” ಎಂದರು. ಹುಲ್ಲು ಕತ್ತರಿಸುವುದು ಇದರ ಹತ್ತಾರು ಕೆಲಸಗಳಲ್ಲಿ ಒಂದು ಮಾತ್ರ. ಎರಡನೆಯ ಮಹಾಯುದ್ಧದ ನಂತರ ಇಲ್ಲಿ ಊರುಗಳು ಹೊರಕ್ಕೆ ಬೆಳೆದವು. ಎಕರೆ, ಎರಡೆಕರೆ ಹಿತ್ತಲಿನವರಿಗೆ ಹೊಲದ ಟ್ರ್ಯಾಕ್ಟರ್ ದೊಡ್ಡದಾಯಿತು, ಹುಲ್ಲಿನ ಯಂತ್ರ ಚಿಕ್ಕದಾಯಿತು. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ವೀಲ್ ಹಾರ್ಸ್ ಎಂಬ ಕಂಪನಿ ಆಗಲೇ ಈ ಜಾಗ ಹಿಡಿದಿತ್ತು. 1947ರಿಂದ ಫಾರ್ಮಾಲ್ ಕಬ್ ಎಂಬ ಸಣ್ಣ ಟ್ರ್ಯಾಕ್ಟರ್ ಮಾಡುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, 1960ರ ಕೊನೆಯಲ್ಲಿ ಕೆಂಟಕಿಯ ಲೂಯಿವಿಲ್ ಕಾರ್ಖಾನೆಯಿಂದ ಅದರ ಇನ್ನೂ ಸಣ್ಣ ತಮ್ಮ ಕಬ್ ಕೆಡೆಟ್ಟನ್ನು ಹೊರಬಿಟ್ಟಿತು. ಜಾನ್ ಡಿಯರ್ ಕಂಪನಿಯ ಗಾರ್ಡನ್ ಟ್ರ್ಯಾಕ್ಟರ್ 110 ಬಂದದ್ದು 1963ರಲ್ಲಿ. ಕಬ್ ಕೆಡೆಟ್ ಹೆಸರು 1981ರಲ್ಲಿ ಬೇರೆ ಕಂಪನಿಗೆ ಮಾರಾಟವಾಗಿ ಇಂದಿಗೂ ಅಂಗಡಿಗಳಲ್ಲಿದೆ. ಹಳೆಯದರ ಹುಚ್ಚಿನವರು ಅದಕ್ಕೂ ಹಿಂದಿನದನ್ನೇ ಹುಡುಕುತ್ತಾರೆ. ಆ ಗಾಡಿಗಳ ಹಿಂಬದಿಯ ಗೇರ್ ಪೆಟ್ಟಿಗೆ ಪೂರ್ತಿ ಎರಕದ ಕಬ್ಬಿಣ, ಎಂಜಿನ್ನಿನಿಂದ ಅದಕ್ಕೆ ಶಕ್ತಿ ಹೋಗುವುದು ಬೆಲ್ಟಿನಲ್ಲಲ್ಲ, ಉಕ್ಕಿನ ಶಾಫ್ಟಿನಲ್ಲಿ. ನೇಗಿಲು ಎಳೆಯುವ ತಾಕತ್ತು ಬಂದದ್ದು ಅಲ್ಲಿಂದ.

ಕೆಲಸಕ್ಕೆ ಕೈ ಹಾಕುವ ಮೊದಲೇ ಒಂದು ಕಟ್ಟಳೆ ಹಾಕಿಕೊಂಡಿದ್ದೆ. ಏನೇ ಬದಲಾವಣೆ ಮಾಡಿದರೂ ಅದನ್ನು ಪಾನಾ ಹಿಡಿದು ಬಿಚ್ಚಿ ತೆಗೆಯಲು ಬರಬೇಕು. ಚಾಸಿಗೆ ಹೊಸ ತೂತಿಲ್ಲ, ಹೊಸ ವೆಲ್ಡಿಂಗ್ ಇಲ್ಲ. ಅರುವತ್ತು ವರ್ಷಗಳಲ್ಲಿ ಇದರ ಮೇಲೆ ಕೈಯಾಡಿಸಿದವರೆಲ್ಲ ತಮ್ಮ ತುರ್ತಿಗೆ ಕೊರೆದಿದ್ದರು, ಬೆಸೆದಿದ್ದರು. ದೀಪದ ತಂತಿ ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಸೇರಿತ್ತು. ಹಿಂಬದಿಗೆ ಯಾರೋ ಒಂದು ಕೋನಪಟ್ಟಿಯನ್ನು ಬೆಸೆದು, ಹಿಚ್ಚು, ಅಂದರೆ ನೇಗಿಲು ಸಿಕ್ಕಿಸುವ ಕೊಂಡಿ, ಕೂರಬೇಕಾದ ಜಾಗವನ್ನೇ ಮುಚ್ಚಿಬಿಟ್ಟಿದ್ದರು. ನನ್ನ ಅರ್ಧ ಕೆಲಸ ಅವರ ಕೆಲಸವನ್ನು ಕೀಳುವುದೇ ಆಯಿತು. ನನ್ನ ನಂತರ ಬರುವವನು ನನ್ನನ್ನು ಹಾಗೆ ಬೈಯಬಾರದು.

ಬಣ್ಣದ ವಿಷಯದಲ್ಲಿ ನಾನು ಸೋಮಾರಿ. ಹಳದಿ-ಬಿಳಿಯ ಮೂಲ ಬಣ್ಣ ಅಲ್ಲಲ್ಲಿ ಉಳಿದಿತ್ತು, ಹಾಗೇ ಬಿಟ್ಟೆ. ಹೊಳಪಿಗೆ ಮೊದಲು ಮನಸ್ಸು ಕೊಟ್ಟವರ ಟ್ರ್ಯಾಕ್ಟರುಗಳು ಶೆಡ್ಡಿನಲ್ಲಿ ಮದುಮಗನ ಹಾಗೆ ನಿಂತಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನೊಂದು ಕಾರಣವೂ ಇದೆ: ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ. ಗ್ರೈಂಡರಿಗೆ ತಂತಿ ಬ್ರಷ್ ಸಿಕ್ಕಿಸಿ ಉಜ್ಜುವವರು ಒಳ್ಳೆಯ ಮಾಸ್ಕ್ ಹಾಕಿಕೊಳ್ಳಲೇಬೇಕು.

ಎಂಜಿನ್ ಕೋಹ್ಲರ್ ಕೆ301. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಸ್ನಾನದ ಮನೆಯಲ್ಲಿ ನಲ್ಲಿಯ ಮೇಲೆ ಕಾಣುವ ಅದೇ ಕೋಹ್ಲರ್, ವಿಸ್ಕಾನ್ಸಿನ್ ಮೂಲದ್ದು. ಒಂದೇ ಸಿಲಿಂಡರ್, ಸುಮಾರು 476 ಸಿ.ಸಿ., ಎರಕದ ಕಬ್ಬಿಣದ ಬ್ಲಾಕು. ಇದರ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಲು ಗೇಜ್ ಹಾಕಿ ಸ್ಟಾರ್ಟರ್ ತಿರುಗಿಸಿದರೆ ಮುಳ್ಳು ಸರಿಯಾಗಿ ಏಳುವುದಿಲ್ಲ. ಪಿಸ್ಟನ್ನಿನ ರಿಂಗು ಹೋಯಿತೆಂದು ಆ ಗಾಬರಿಯಲ್ಲೇ ಎಂಜಿನ್ ಇಳಿಸುವವರಿದ್ದಾರೆ. ನಿಜವಾಗಿ ವಾಲ್ವುಗಳನ್ನು ಎತ್ತುವ ಕ್ಯಾಮ್‌ಶಾಫ್ಟಿನಲ್ಲಿ ಒಂದು ಸಣ್ಣ ಉಪಾಯವಿದೆ: ನಿಧಾನವಾಗಿ ತಿರುಗುವಾಗ ಅದು ಎಕ್ಸಾಸ್ಟ್ ವಾಲ್ವನ್ನು ಕೂದಲೆಳೆಯಷ್ಟು ತೆರೆದಿಟ್ಟು ಸ್ಟಾರ್ಟರಿನ ಭಾರ ಇಳಿಸುತ್ತದೆ. ವೇಗ ಬಂದ ಮೇಲೆ ಅದರ ತೂಕದ ತುಂಡು ಹೊರಕ್ಕೆ ಸಿಡಿದು ವಾಲ್ವ್ ಪೂರ್ತಿ ಮುಚ್ಚುತ್ತದೆ. ಆದ್ದರಿಂದ ಪರೀಕ್ಷೆ ಕೈಯಿಂದಲೇ ಆಗಬೇಕು, ಅದೂ ಫ್ಲೈವೀಲನ್ನು, ಅಂದರೆ ಎಂಜಿನ್ನಿನ ಭಾರದ ಚಕ್ರವನ್ನು, ಹಿಮ್ಮುಖವಾಗಿ ತಿರುಗಿಸಿ. ಆಗ ಆ ಉಪಾಯ ಕೆಲಸ ಮಾಡುವುದಿಲ್ಲ. ಎಂಜಿನ್ ಗಟ್ಟಿಯಿದ್ದರೆ ಚಕ್ರ ಕೈಯನ್ನು ಒದ್ದು ಹಿಂದೆ ಬರುತ್ತದೆ. ನನ್ನದು ಒದೆಯಿತು, ಆದರೆ ಮನಸ್ಸಿಲ್ಲದೆ.

ಹೆಡ್ ತೆಗೆದರೆ ಕಾರಣ ಕಂಡಿತು. ಈ ಎಂಜಿನ್ನಿನಲ್ಲಿ ವಾಲ್ವುಗಳು ಹೆಡ್ಡಿನಲ್ಲಿಲ್ಲ, ಸಿಲಿಂಡರಿನ ಪಕ್ಕದಲ್ಲಿ ಬ್ಲಾಕಿನೊಳಗೇ ಕೂತಿವೆ. ಎಕ್ಸಾಸ್ಟ್ ವಾಲ್ವಿನ ಸೀಟಿನ ಮೇಲೆ ಇಂಗಾಲ ಹರಳುಗಟ್ಟಿತ್ತು. ವಾಲ್ವ್ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ತಿರುಗಿಸುತ್ತ ಹೋದರೆ ಸೀಟಿನ ಸುತ್ತ ಬೂದುಬಣ್ಣದ ಒಂದು ಸಮನಾದ ಉಂಗುರ ಮೂಡುತ್ತದೆ. ಉಂಗುರ ಎಲ್ಲಿಯೂ ಕಡಿಯದೆ ಕೂಡಿತೆಂದರೆ ಕೆಲಸ ಮುಗಿಯಿತು. ಆಮೇಲೆ ವಾಲ್ವಿಗೂ ಅದನ್ನು ಎತ್ತುವ ಟ್ಯಾಪೆಟ್ಟಿಗೂ ನಡುವಿನ ಸಂದು: ಇನ್‌ಟೇಕಿಗೆ 8ರಿಂದ 10 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಎಕ್ಸಾಸ್ಟಿಗೆ 17ರಿಂದ 20 ಥೌ. ಸಿಲಿಂಡರಿನ ಒಳಗೋಡೆಯ ಸವೆತ ಮಿತಿಯೊಳಗೇ ಇತ್ತು, ರಿಂಗುಗಳನ್ನಷ್ಟೇ ಹೊಸದು ಹಾಕಿದೆ.

ಇದರ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂ. ಬೇರಿಂಗ್ ಪದರವಿಲ್ಲದೆ ನೇರವಾಗಿ ಕ್ರ್ಯಾಂಕಿನ ಮೇಲೆ ಓಡುತ್ತದೆ, ಆಯಿಲ್ ಪಂಪೂ ಇಲ್ಲ. ರಾಡಿನ ಕೆಳಗಿನ ಚಿಕ್ಕ ಸೌಟು ಆಯಿಲನ್ನು ಎರಚುತ್ತದೆ. ಆಯಿಲ್ ಒಂದಿಷ್ಟು ಕಡಿಮೆಯಾದರೂ ಸೌಟಿಗೆ ಸಿಗುವುದಿಲ್ಲ, ರಾಡು ಮುರಿದು ಬ್ಲಾಕಿನ ಗೋಡೆ ಒಡೆದು ಹೊರಗೆ ಬರುತ್ತದೆ. ಈ ಎಂಜಿನ್ನುಗಳಲ್ಲಿ ಬಹುಪಾಲು ಸತ್ತದ್ದು ವಯಸ್ಸಿನಿಂದಲ್ಲ, ಆಯಿಲ್ ಕಡ್ಡಿ ಎಳೆದು ನೋಡದ ಸೋಮಾರಿತನದಿಂದ ಎಂದೇ ನನ್ನ ಗುಮಾನಿ.

ಕಿಡಿ ಹುಟ್ಟಿಸುವ ಪಾಯಿಂಟ್, ಕಂಡೆನ್ಸರ್, ಮತ್ತೆ ಕಾರ್ಬುರೇಟರಿನ ವಿಷಯ ಬಜಾಜ್ ಸ್ಕೂಟರ್ ಇಟ್ಟುಕೊಂಡಿದ್ದವರಿಗೆ ಹೊಸದಲ್ಲ. ಪಾಯಿಂಟ್ ಸಂದು 20 ಥೌ. ಇಲ್ಲಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಕಾರ್ಬುರೇಟರಿನ ತಳದಲ್ಲಿ ಹಸಿರು ಬೂಷ್ಟು ಕಟ್ಟಿತ್ತು, ತೊಳೆದೆ. ಸ್ಟಾರ್ಟರ್ ಮತ್ತು ಜನರೇಟರ್ ಎರಡೂ ಒಂದೇ ಡಬ್ಬಿ. ಅದೇ ಬೆಲ್ಟು ಎಂಜಿನ್ನನ್ನು ಎಬ್ಬಿಸುತ್ತದೆ, ಎದ್ದ ಮೇಲೆ ಅದೇ ಬೆಲ್ಟಿನಿಂದ ಬ್ಯಾಟರಿಗೆ ಚಾರ್ಜು. ಇದನ್ನು ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಚಾರ್ಜನ್ನು ಹದದಲ್ಲಿಡುವ ರೆಗ್ಯುಲೇಟರಿನ ಬ್ಯಾಟರಿ ಮತ್ತು ಜನರೇಟರ್ ತುದಿಗಳಿಗೆ ಒಂದು ತಂತಿಯನ್ನು ಕ್ಷಣಮಾತ್ರ ತಾಗಿಸಿ ತೆಗೆಯಬೇಕು. ಕಿಡಿ ಹಾರುತ್ತದೆ, ಅಷ್ಟೆ. ಅದನ್ನು ಬಿಟ್ಟರೆ ಜನರೇಟರಿಗೆ ತನ್ನ ಧನ-ಋಣಗಳ ದಿಕ್ಕು ನೆನಪಿರುವುದಿಲ್ಲ.

ಎಂಜಿನ್ ಸ್ಟಾರ್ಟ್ ಆಯಿತು, ಗೇರೂ ಬಿತ್ತು, ಟ್ರ್ಯಾಕ್ಟರ್ ಹೊರಡಲಿಲ್ಲ. ಹೊರಟಾಗ ಕುಪ್ಪಳಿಸಿ ಹೊರಟಿತು. ಈ ಕಸುಬಿನ ಸ್ವಾರಸ್ಯ ಶುರುವಾಗುವುದು ಇಲ್ಲಿಂದ.

ಕಬ್ ಕೆಡೆಟ್ಟಿನ ಕ್ಲಚ್ಚು ಕಾರಿನ ಕ್ಲಚ್ಚಿನಂತೆ ಡಬ್ಬಿಯೊಳಗೆ ಅಡಗಿಲ್ಲ. ಫ್ಲೈವೀಲು ಚಾಲಕನ ಕಡೆಗಿದೆ. ಅದಕ್ಕೆ ಮೂರು ಪಿನ್ನುಗಳ ಒಂದು ತಟ್ಟೆ. ಆ ಪಿನ್ನುಗಳು ಕ್ಲಚ್ ಪ್ಲೇಟಿನ ತೂತುಗಳೊಳಗೆ ಹೋಗಿ ಅದನ್ನು ತಿರುಗಿಸುತ್ತವೆ. ಪ್ಲೇಟಿನ ಹಿಂದೆ ಒಂದು, ಮುಂದೆ ಒಂದು ಪ್ರೆಷರ್ ಪ್ಲೇಟು; ಇವುಗಳ ಹಿಡಿತವೆಲ್ಲ ನಡುವಿನ ಶಾಫ್ಟಿನ ಮೇಲೆ. ದಪ್ಪ ಸ್ಪ್ರಿಂಗು ಒತ್ತಿದಾಗ ಮೂರೂ ಒಂದಾಗಿ ಶಾಫ್ಟು ತಿರುಗುತ್ತದೆ, ಅದರ ಹಿಂದಿನ ತುದಿ ಕಪ್ಲಿಂಗ್ ಮೂಲಕ ಗೇರ್ ಪೆಟ್ಟಿಗೆಗೆ ಸೇರುತ್ತದೆ. ಇಷ್ಟನ್ನೂ ಹಿಡಿದಿಟ್ಟಿರುವುದು ಬೆರಳ ಗಾತ್ರಕ್ಕಿಂತ ಸಣ್ಣ ಸುರುಳಿ ಪಿನ್ನುಗಳು. ಶಾಫ್ಟಿನ ದಪ್ಪ 5/8 ಇಂಚು ಮಾತ್ರ.

ಶಾಫ್ಟನ್ನು ಹೊರಗೆ ಎಳೆದು ಬೆಂಚಿನ ಮೇಲಿಟ್ಟಾಗ ಕಂಡದ್ದು: ಹಿಂದಿನ ತುದಿಯಲ್ಲಿ ಪಿನ್ನಿನ ಬದಲು ಯಾರೋ ಮಾಮೂಲಿ ಬೋಲ್ಟು ತೂರಿಸಿದ್ದರು. ಬೋಲ್ಟಿನ ತಿರುಪಿನ ಹಲ್ಲುಗಳು ಶಾಫ್ಟಿನ ತೂತನ್ನು ಅರದಂತೆ ತಿಂದುಹಾಕಿದ್ದವು. ಮೂರು ಪಿನ್ನುಗಳ ಮೇಲೆ ಉಗುರು ಸಿಕ್ಕುವಷ್ಟು ಕಚ್ಚು ಬಿದ್ದಿತ್ತು. ಕ್ಲಚ್ ಬಿಟ್ಟಾಗ ಪ್ಲೇಟು ನುಣ್ಣಗೆ ಜಾರುವ ಬದಲು ಕಚ್ಚಿನಲ್ಲಿ ಸಿಕ್ಕಿಕೊಂಡು ಆಮೇಲೆ ಹಾರುತ್ತಿತ್ತು. ಕುಪ್ಪಳಿಸುವುದಕ್ಕೆ ಅದೇ ಕಾರಣ.

ರಾಣೆಬೆನ್ನೂರಿನಲ್ಲಿ ನನ್ನ ಸೋದರಮಾವ ನಲವತ್ತು ವರ್ಷದಿಂದ ಟ್ರ್ಯಾಕ್ಟರ್ ಗ್ಯಾರೇಜು ನಡೆಸುತ್ತಿದ್ದಾರೆ. ವಿಡಿಯೊ ಕರೆಯಲ್ಲಿ ತೋರಿಸಿದೆ.

“ಹೊಸ ಪಿನ್ನು ಹಾಕಿದರೂ ಒಂದೇ ಸಂಜೆಗೆ ಸಡಿಲಾಯಿತು ಮಾವ.”

“ಪಿನ್ನಿನ ಮೇಲೆ ಯಾಕಪ್ಪ ಸಿಟ್ಟು? ತೂತು ನೋಡು. ದುಂಡಗಿದೆಯೋ?”

“ಮೊಟ್ಟೆಯಾಕಾರವಾಗಿದೆ.”

“ಹಾಗಾದರೆ ಇನ್ನು ಎಷ್ಟು ಪಿನ್ನು ತಂದರೂ ಅದು ನುಂಗುತ್ತದೆ. ಶಾಫ್ಟು ಬದಲಿಸು. ಕಪ್ಲಿಂಗಿನ ತೂತನ್ನೂ ನೋಡಿಬಿಡು, ಅದೂ ಶಾಫ್ಟಿನ ಜೊತೆಗೇ ಸವೆದಿರುತ್ತದೆ.”

ಸವೆದೇ ಇತ್ತು. ಹೊಸ ಶಾಫ್ಟು, ಕಪ್ಲಿಂಗ್, ಮೂರು ಪಿನ್ನಿನ ತಟ್ಟೆ, ಕ್ಲಚ್ ಪ್ಲೇಟು ಎಲ್ಲವೂ ಇಲ್ಲಿ ಇಂದಿಗೂ ಹೊಸದಾಗಿ ಸಿಗುತ್ತವೆ. ಮನೆಯ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡು ಇವನ್ನೇ ಮಾಡುವವರಿದ್ದಾರೆ. ಪ್ರೆಷರ್ ಪ್ಲೇಟುಗಳು ಹಾಳಾಗಿರಲಿಲ್ಲ, ಗಾಜಿನ ಮೇಲೆ ಎಮರಿ ಕಾಗದ ಹಾಸಿ ಸಮತಟ್ಟಾಗಿ ಉಜ್ಜಿದೆ. ಹಳೆಯ ಕ್ಲಚ್ ಪ್ಲೇಟಿನಲ್ಲಿ ಕಲ್ನಾರು ಇರುವ ಸಾಧ್ಯತೆ ಇರುವುದರಿಂದ ಗಾಳಿ ಹೊಡೆದು ದೂಳು ಹಾರಿಸಬಾರದು, ಒದ್ದೆ ಮಾಡಿ ಒರೆಸಬೇಕು. ಮತ್ತೆ ಜೋಡಿಸುವಾಗ ಕಷ್ಟ ಕೊಡುವುದು ಆ ದಪ್ಪ ಸ್ಪ್ರಿಂಗು. ಅದನ್ನು ಪ್ರೆಸ್ಸಿನಲ್ಲಿ ಅದುಮಿ ಹಿಡಿದು ಪಿನ್ನು ಹೊಡೆಯಬೇಕು. ವೈಸಿನಲ್ಲಿ ಹಿಡಿದು ನೋಡೋಣ ಎನ್ನುವವರು ಮುಖವನ್ನು ಅದರ ನೇರಕ್ಕೆ ಇಡದಿರುವುದು ಒಳ್ಳೆಯದು. ದಪ್ಪ ಸ್ಪ್ರಿಂಗಿನ ಜೊತೆಗೆ ಒಂದು ಚಿಕ್ಕ ಸ್ಪ್ರಿಂಗೂ ಇದೆ. ಪೆಡಲು ಬಿಡುವ ಮೊದಲ ಹಂತದಲ್ಲಿ ಅದು ಮೆಲ್ಲಗೆ ಒತ್ತಿ ಪ್ಲೇಟನ್ನು ಎಬ್ಬಿಸುತ್ತದೆ, ದೊಡ್ಡದು ಆಮೇಲೆ ಬಿಗಿ ಹಿಡಿಯುತ್ತದೆ. ನನ್ನ ಟ್ರ್ಯಾಕ್ಟರಿನಲ್ಲಿ ಚಿಕ್ಕದು ಇರಲೇ ಇಲ್ಲ. ಹಾಕಿದ ಮೇಲೆ ಗಾಡಿ ಹೊರಡುವುದು ಸೀಟಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ಸ್ಟೀರಿಂಗ್ ಚಕ್ರ ಕಾಲು ಸುತ್ತು ಖಾಲಿ ತಿರುಗುತ್ತಿತ್ತು. ಪೆಟ್ಟಿಗೆಯೊಳಗಿನ ಸ್ಕ್ರೂ ಬಿಗಿಮಾಡಿ ಪ್ಲೇ ತೆಗೆದೆ. ಅದರೊಳಗೆ ಮಾಮೂಲಿ ಗ್ರೀಸು ತುಂಬಿದರೆ ಪಕ್ಕಕ್ಕೆ ಸರಿದು ಅಲ್ಲೇ ಕೂರುತ್ತದೆ, ಹಿಂದಿರುಗಿ ಬರುವುದಿಲ್ಲ. ಮೆಕ್ಕೆಜೋಳ ಕೊಯ್ಲು ಯಂತ್ರಕ್ಕೆ ಹಾಕುವ ಅರೆದ್ರವದ ಗ್ರೀಸು ಇದಕ್ಕೆ ಸರಿ. ಮುಂದಿನ ಆಕ್ಸಲ್ಲಿಗೆ ಬುಷ್ ಹಾಕಿಸಿದೆ. ಹಿಂದಿನ ಟೈರುಗಳಲ್ಲಿ ಭಾರಕ್ಕೆಂದು ತುಂಬಿದ್ದ ಕ್ಯಾಲ್ಸಿಯಂ ಕ್ಲೋರೈಡ್ ನೀರು ಸೋರಿ ರಿಮ್ಮು ತಿಂದಿತ್ತು. ಈಗಿನವರು ಅದರ ಬದಲು ಬೀಟ್ ಸಕ್ಕರೆ ಕಾರ್ಖಾನೆಯ ರಸ ತುಂಬಿಸುತ್ತಾರೆ. ತುಕ್ಕು ಹಿಡಿಸುವುದಿಲ್ಲ, ಇಲ್ಲಿನ ಚಳಿಗೆ ಹೆಪ್ಪುಗಟ್ಟುವುದೂ ಇಲ್ಲ. ನಾನೂ ಅದನ್ನೇ ತುಂಬಿಸಿದೆ.

ನೇಗಿಲು ಬ್ರಿನ್ಲಿ ಕಂಪನಿಯದು. 1839ರಿಂದ ನಡೆದುಬಂದ ಈ ಕಂಪನಿಯೂ ಆ ಕಾಲಕ್ಕೆ ಅದೇ ಲೂಯಿವಿಲ್‌ನಲ್ಲಿತ್ತು. ಒಂದೇ ಕುಳ, ಮಣ್ಣು ಮಗುಚುವ ಬಾಗಿದ ಹಲಗೆ, ಮುಂದೆ ಬೇರು ಕೊಯ್ಯುವ ಚಕ್ರದ ಅಲಗು. ನಮ್ಮ ಕಡೆಯ ಮರದ ನೇಗಿಲು ಮಣ್ಣನ್ನು ಸೀಳುತ್ತದೆ. ಇದು ರಂಟೆಯ ಹಾಗೆ ಮಗುಚಿ ಹಾಕುತ್ತದೆ. 1903ರಲ್ಲಿ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡಿದಾಗ ಕಬ್ಬಿಣ ಭೂಮಿಗೆ ವಿಷ ಎಂದು ರೈತರು ಹಿಂಜರಿದರೆಂಬ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. 1797ರಲ್ಲಿ ನ್ಯೂಜೆರ್ಸಿಯ ಚಾರ್ಲ್ಸ್ ನ್ಯೂಬೋಲ್ಡ್ ಎರಕದ ನೇಗಿಲಿಗೆ ಪೇಟೆಂಟ್ ಪಡೆದಾಗಲೂ ಇಲ್ಲಿನ ರೈತರು ಅದನ್ನೇ ಹೇಳಿದ್ದರಂತೆ. ಕಡಲಾಚೆಯವರೂ ನಮ್ಮವರೂ ಮಾತಾಡಿಕೊಳ್ಳದೆಯೇ ಒಂದೇ ಅನುಮಾನಕ್ಕೆ ಬಂದಿದ್ದರು.

ನನ್ನ ನೇಗಿಲಿನ ತೊಂದರೆ ತುಕ್ಕು. ಇಲ್ಲಿನ ಮಣ್ಣು ನಮ್ಮ ಎರೆ ಮಣ್ಣಿನಂತೆಯೇ ಕಪ್ಪು, ಅಂಟು. ಹಲಗೆ ಕನ್ನಡಿಯಂತೆ ನುಣುಪಾಗಿರದಿದ್ದರೆ ಮಣ್ಣು ಜಾರುವುದಿಲ್ಲ, ಮೆತ್ತಿಕೊಂಡು ಉಂಡೆಯಾಗಿ ನೇಗಿಲನ್ನೇ ಮೇಲಕ್ಕೆ ಎತ್ತುತ್ತದೆ. 1837ರಲ್ಲಿ ಇದೇ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬ ಊರಿನಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ, ಮುರಿದ ಗರಗಸದ ಉಕ್ಕಿನಿಂದ ನುಣುಪು ನೇಗಿಲು ಮಾಡಿ ಹೆಸರಾದದ್ದು ಈ ಮಣ್ಣಿನ ಕಾಟದಿಂದಲೇ. ಗ್ರೈಂಡರಿಗೆ ಫ್ಲ್ಯಾಪ್ ಡಿಸ್ಕ್ ಹಾಕಿ ಗುಳಿಗಳನ್ನು ತೆಗೆದು, ಆಮೇಲೆ ಮಣ್ಣು ಹರಿಯುವ ದಿಕ್ಕಿನಲ್ಲೇ ಎಮರಿ ಕಾಗದ ಉಜ್ಜಿದೆ. ದಿಕ್ಕು ಮುಖ್ಯ. ಅಡ್ಡ ಗೀರುಗಳಿದ್ದರೆ ಮಣ್ಣು ಅವುಗಳಲ್ಲಿ ಹಿಡಿದು ನಿಲ್ಲುತ್ತದೆ.

ನೇಗಿಲನ್ನು ಎತ್ತಿ ಇಳಿಸುವುದು ಕೈ ಲಿವರಿನಿಂದ. ಪ್ರತಿ ಸಾಲಿನ ಕೊನೆಯಲ್ಲೂ ಅದನ್ನು ಎಳೆದು ಎಳೆದು ಭುಜ ಹಿಡಿದುಕೊಳ್ಳುತ್ತದೆ. ನಾನು ಮಾಡಿದ ದೊಡ್ಡ ಮಾರ್ಪಾಡು ಇದೊಂದೇ: 12 ವೋಲ್ಟಿನ ಲೀನಿಯರ್ ಆಕ್ಚುಯೇಟರ್, ಅಂದರೆ ಮೋಟಾರು ತಿರುಗಿದಾಗ ಚಾಚಿ ಮಡಚುವ ಉಕ್ಕಿನ ತೋಳು. ಆಸ್ಪತ್ರೆಯ ಮಂಚಗಳನ್ನು ಎತ್ತುವುದೂ ಇದೇ. ಎರಡೂ ದಿಕ್ಕಿಗೆ ಓಡಿಸುವ ಒಂದು ಸ್ವಿಚ್ಚು, ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸು. ಹಳೆಯ ಜನರೇಟರ್ ಕೊಡುವ ವಿದ್ಯುತ್ತು ಕಡಿಮೆಯೇ. ಆದರೆ ತೋಳು ಒಮ್ಮೆಗೆ ಕೆಲವು ಸೆಕೆಂಡು ಮಾತ್ರ ಓಡುವುದರಿಂದ ಬ್ಯಾಟರಿ ತಡೆದುಕೊಳ್ಳುತ್ತದೆ. ಕೋನಪಟ್ಟಿಯಿಂದ ಮಾಡಿದ ಬ್ರಾಕೆಟ್ಟು ಹಿಚ್ಚು ಕೂರುವ ಮೂಲ ತೂತುಗಳಿಗೇ ಬೋಲ್ಟಾಗಿದೆ.

ತೋಳಿನ ತುದಿಯನ್ನು ನೇರವಾಗಿ ನೇಗಿಲಿಗೆ ಜೋಡಿಸಲಿಲ್ಲ, ನಡುವೆ ಒಂದು ಗೇಣು ಸರಪಳಿ ಇಟ್ಟೆ. ಪಕ್ಕದ ಹೊಲದ ಮುದುಕರು ಬಂದು ನೋಡಿ, “ಇಷ್ಟೆಲ್ಲ ಮಾಡಿ ಕೊನೆಗೆ ನಾಯಿ ಕಟ್ಟುವ ಸರಪಳಿಯೇ?” ಎಂದರು. ಗಟ್ಟಿ ತೋಳು ನೇಗಿಲನ್ನು ಟ್ರ್ಯಾಕ್ಟರಿಗೆ ಬಿಗಿದುಬಿಡುತ್ತದೆ. ಮುಂದಿನ ಚಕ್ರ ಸಣ್ಣ ದಿಬ್ಬ ಹತ್ತಿದರೆ ಹಿಂದೆ ಕುಳ ಆಳಕ್ಕೆ ಇರಿಯುತ್ತದೆ, ಚಕ್ರ ಇಳಿದರೆ ಕುಳ ಮೇಲೆ ಬರುತ್ತದೆ. ಉತ್ತ ಸಾಲು ಅಲೆಅಲೆಯಾಗುತ್ತದೆ. ಸರಪಳಿ ಎತ್ತಲು ಮಾತ್ರ ಎಳೆಯುತ್ತದೆ, ಇಳಿಸಿದ ಮೇಲೆ ಸಡಿಲು. ಆಗ ನೇಗಿಲು ತನ್ನ ಕುಳದ ಓರೆಯಿಂದಲೇ ಮಣ್ಣಿಗೆ ಇಳಿದು ತನ್ನ ಆಳವನ್ನು ತಾನೇ ಕಾಯ್ದುಕೊಳ್ಳುತ್ತದೆ. ಮುದುಕರಿಗೆ ಅದನ್ನು ವಿವರಿಸುವ ಅಗತ್ಯ ಬೀಳಲಿಲ್ಲ. ಎರಡು ಸಾಲು ನೋಡಿ, “ಸರಪಳಿ ಇರಲಿ” ಎಂದು ಹೊರಟುಹೋದರು.

ಉಳುವಾಗ ಮೊದಲ ಸಾಲು ಒಂದು ರೀತಿ, ಉಳಿದವು ಇನ್ನೊಂದು ರೀತಿ. ಮೊದಲ ಸಾಲಿನಲ್ಲಿ ಎರಡೂ ಚಕ್ರಗಳು ನೆಲದ ಮೇಲಿರುತ್ತವೆ, ನೇಗಿಲು ನೆಟ್ಟಗೆ ನಿಲ್ಲಬೇಕು. ಎರಡನೆಯದರಿಂದ ಬಲಗಡೆಯ ಚಕ್ರಗಳು ಉತ್ತ ಸಾಲಿನೊಳಗೆ ಇಳಿದು ಟ್ರ್ಯಾಕ್ಟರು ಬಲಕ್ಕೆ ವಾಲುತ್ತದೆ. ಆಗ ಹಿಚ್ಚಿನ ಬೋಲ್ಟು ಸಡಿಲಿಸಿ ನೇಗಿಲನ್ನು ಎಡಕ್ಕೆ ವಾಲಿಸಿಕೊಂಡರೆ ಮಾತ್ರ ಅದು ನೆಲಕ್ಕೆ ನೆಟ್ಟಗಿರುತ್ತದೆ. ಇಳಿಸಿದ ಮೊದಲ ನಾಲ್ಕು ಮಾರು ಮಣ್ಣು ಹಲಗೆಗೆ ಅಂಟಿತು, ಆಮೇಲೆ ಉಜ್ಜಿದ ಉಕ್ಕು ಮಣ್ಣಿನಲ್ಲೇ ಇನ್ನಷ್ಟು ಹೊಳಪಾಗಿ ಪಟ್ಟಿ ಪಟ್ಟಿಯಾಗಿ ಮಗುಚತೊಡಗಿತು. ಮೊದಲನೆಯ ಗೇರು, ಮುಕ್ಕಾಲು ಥ್ರಾಟಲ್. ಆಲೂಗಡ್ಡೆಗೆ ಬೇಕಾದ ಜಾಗ ಮಧ್ಯಾಹ್ನದೊಳಗೆ ಸಿದ್ಧವಾಯಿತು.

ಇನ್ನೊಂದು ಮಾರ್ಪಾಡನ್ನು ಮನೆಯಾಕೆಯ ಒತ್ತಾಯಕ್ಕೆ ಮಾಡಿದೆ, ಮಾಡಿದ್ದು ಒಳ್ಳೆಯದೇ ಆಯಿತು. ಆ ಕಾಲದ ಟ್ರ್ಯಾಕ್ಟರುಗಳಲ್ಲಿ ಸೀಟಿನಿಂದ ಎದ್ದರೆ ಎಂಜಿನ್ ನಿಲ್ಲಿಸುವ ವ್ಯವಸ್ಥೆಯಿಲ್ಲ. ಬಿದ್ದರೂ ಗಾಡಿ ತನ್ನ ಪಾಡಿಗೆ ಹೋಗುತ್ತದೆ, ಡೆಕ್ಕಿನ ಅಲಗೂ ತಿರುಗುತ್ತಲೇ ಇರುತ್ತದೆ. ಸೀಟಿನ ಕೆಳಗೆ ಒಂದು ಸ್ವಿಚ್ಚು ಕೂರಿಸಿ ಇಗ್ನಿಷನ್ ಕಾಯಿಲಿಗೆ ಹೋಗುವ ತಂತಿಯನ್ನು ಅದರ ಮೂಲಕ ಹಾಯಿಸಿದೆ. ಗುಂಡಿಯಲ್ಲಿ ಕುಲುಕಿದಾಗಲೆಲ್ಲ ಎಂಜಿನ್ ಕೆಮ್ಮುತ್ತಿದ್ದುದರಿಂದ ಅರೆ ಸೆಕೆಂಡು ತಡೆದು ಕತ್ತರಿಸುವ ಒಂದು ರಿಲೇ ಸೇರಿಸಿದ ಮೇಲೆ ಸರಿಹೋಯಿತು.

ಚಳಿಗಾಲಕ್ಕೆ ಆಕ್ಚುಯೇಟರಿನ ನಾಲ್ಕು ಬೋಲ್ಟು ಬಿಚ್ಚಿ, ಸಾಕೆಟ್ ಎಳೆದು, ನೇಗಿಲಿನ ಹಲಗೆಗೆ ದಪ್ಪಗೆ ಗ್ರೀಸು ಬಳಿದು ಶೆಡ್ಡಿನ ಗೋಡೆಗೆ ತೂಗುಹಾಕಿದ್ದೇನೆ. ಮುಂದೆ ಈಗ ಹಿಮ ತಳ್ಳುವ ಬ್ಲೇಡು ಸಿಕ್ಕಿಸಿದೆ. ಗೇರ್ ಪೆಟ್ಟಿಗೆಯ ಹಿಂದಿನ ಆಕ್ಸಲ್ ಸೀಲಿನಿಂದ ಹೈ-ಟ್ರಾನ್ ಎಂಬ ಗೇರ್ ಪೆಟ್ಟಿಗೆಯ ಎಣ್ಣೆ ಇನ್ನೂ ಹನಿಯುತ್ತಿದೆ. ಸೀಲು ತರಿಸಿಟ್ಟಿದ್ದೇನೆ, ಮಾರ್ಚಿನಲ್ಲಿ ಚಕ್ರ ಕಳಚಬೇಕು.